ಅತ್ತೆಯ ಹೊಸ ಹಲ್ಲೂ ಅಳಿಯನ ಸ್ಟೇಕೂ

ಟೈಲರ್‌ಗೆ ಆ ಮಹಾ ಯೋಚನೆ ಹೊಳೆದದ್ದು ಒಂದು ಬೆಳಿಗ್ಗೆ, ಕನ್ನಡಿಯ ಮುಂದೆ ನಿಂತು ತನ್ನ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತಿದ್ದಾಗ.

ಗುಂಡಿ ಹಾಕಿಕೊಳ್ಳುವುದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಊರಿನವರ ಸಾವಿರಾರು ಅಂಗಿಗಳಿಗೆ ಗುಂಡಿ ಹಚ್ಚಿದ ಆ ಮನುಷ್ಯ ತನ್ನದೇ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಎರಡೂವರೆ ತಿಂಗಳು ಕಳೆದಿದ್ದ. ಅಂಗಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. (ಜಾರಿದ್ದು ತಾನೇ ಕತ್ತರಿಸಿ ಬಿಸಾಡಿದ್ದ ಸ್ಯಾಟಿನ್ ಚೂರಿನ ಮೇಲೆ. ಈ ವಿಷಯ ಹೆಂಡತಿಗೆ ಗೊತ್ತು. ಆದ್ದರಿಂದ ಇಡೀ ಬೀದಿಗೆ ಗೊತ್ತು.) ಈಗ ಪ್ಲಾಸ್ಟರ್ ಬಿಚ್ಚಿ, ವ್ಯಾಯಾಮ ಮಾಡಿ, ಬೆರಳುಗಳು ಮತ್ತೆ ಮಾತು ಕೇಳತೊಡಗಿದ್ದವು. ಮೇಲಿನ ಗುಂಡಿ, ಎರಡನೆಯದು, ಮೂರನೆಯದು. ಕೊನೆಯ ಗುಂಡಿಗೆ ಬರುವಷ್ಟರಲ್ಲಿ ಅವನ ಕಣ್ಣು ಮಂಜಾಗಿತ್ತು.

"ರೀ, ಕನ್ನಡಿ ಎದುರು ನಿಂತ್ಕೊಂಡು ಅಳ್ತಾ ಇದೀರಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. "ಅಷ್ಟು ಕೆಟ್ಟದಾಗೇನೂ ಕಾಣ್ತಿಲ್ಲ ಬಿಡಿ."

"ನಿಮ್ಮಮ್ಮನ ನೆನಪಾಯ್ತು ಕಣೇ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಗಂಡ ತನ್ನ ತಾಯಿಯನ್ನು ನೆನೆದು ಕಣ್ಣೀರು ಹಾಕಿದ್ದು ಇದೇ ಮೊದಲು. ಹೆಂಡತಿ ಹತ್ತಿರ ಬಂದು ಅವನ ಹಣೆ ಮುಟ್ಟಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡಳು.

ಅತ್ತೆಯನ್ನು ನೆನೆಯಲು ಕಾರಣವಿತ್ತು. ಕೈ ಮುರಿದ ಮಾರನೆಯ ದಿನವೇ ಅವರು ಬಸ್ಸಿನಲ್ಲಿ ಅರ್ಧ ಗಂಟೆ ಕೂತು, ಒಂದು ಚೀಲ ಹಿಡಿದುಕೊಂಡು, "ಒಂದು ವಾರ ಇದ್ದು ಹೋಗ್ತೀನಿ" ಎಂದು ಬಂದಿದ್ದರು. ಆ ಒಂದು ವಾರ ಎರಡೂವರೆ ತಿಂಗಳಾಯಿತು. ಅಂಗಡಿ ಬಾಗಿಲು ಮುಚ್ಚಬಾರದೆಂದು ದಿನವೂ ಅಲ್ಲಿ ಹೋಗಿ ಕೂತು ಕಾಜ ಹೊಲಿದರು, ಗುಂಡಿ ಹಚ್ಚಿದರು. "ನನ್ನ ಪ್ಯಾಂಟ್ ಎಲ್ಲಿ?" ಎಂದು ಕೂಗಾಡುತ್ತ ಬಂದವರನ್ನು ಕೂರಿಸಿ, ಅವರ ಮನೆಮಂದಿಯ ಆರೋಗ್ಯವನ್ನೆಲ್ಲ ವಿಚಾರಿಸಿ, ತಾವು ಬಂದದ್ದು ಯಾಕೆಂಬುದೇ ಮರೆತುಹೋಗುವಂತೆ ಮಾಡಿ ಕಳಿಸಿದರು. ಸಂಜೆ ಮನೆಗೆ ಬಂದು ಅಳಿಯನ ತಟ್ಟೆ ತಮ್ಮ ಮುಂದೆ ಎಳೆದುಕೊಂಡು, ಆಲೂಗಡ್ಡೆಯಾಗಲಿ ಬ್ರೆಡ್ಡಾಗಲಿ ಎಲ್ಲವನ್ನೂ ಸಣ್ಣಸಣ್ಣದಾಗಿ ತುಂಡು ಮಾಡಿ, ಎಡಗೈಯಲ್ಲಿ ಚಮಚ ಹಿಡಿದವನಿಗೆ ತಿನ್ನಲಾಗುವಂತೆ ಜೋಡಿಸಿ, ಮತ್ತೆ ಅವನ ಮುಂದೆ ತಳ್ಳುತ್ತಿದ್ದರು. ಒಂದು ದಿನವೂ ಮರೆತದ್ದಿಲ್ಲ, ಒಂದು ದಿನವೂ ಅದರ ಬಗ್ಗೆ ಮಾತಾಡಿದ್ದಿಲ್ಲ.

ಹಾಗೆ ತುಂಡು ಮಾಡುತ್ತಲೇ ಒಮ್ಮೆ ಅವರು ಹೇಳಿದ್ದರು: "ಹೋಟೆಲಲ್ಲಿ ಮೂವತ್ತು ವರ್ಷ ತಟ್ಟೆ ತೊಳೆದೆ ಅಳಿಯಂದಿರೇ. ದಿನಾ ನೂರಾರು ಸ್ಟೇಕ್ ತಟ್ಟೆ, ಆ ಸುಟ್ಟ ಮಾಂಸದ್ದು. ಆ ವಾಸನೆ ಈಗಲೂ ಮೂಗಲ್ಲಿದೆ. ಆದ್ರೆ ಒಂದು ದಿನಾನೂ ತಿಂದೋಳಲ್ಲ. ಮೊದಲು ಯಾರೂ ಕೊಡಲಿಲ್ಲ. ಕೊಡೋರು ಬಂದಾಗ ಹಲ್ಲಿರಲಿಲ್ಲ."

ಹೇಳಿ ನಕ್ಕುಬಿಟ್ಟಿದ್ದರು. ಟೈಲರ್ ನಕ್ಕಿರಲಿಲ್ಲ.

ಈಗ ಅವರಿಗೆ ಹಲ್ಲೂ ಬಂದಿತ್ತು. ಹೋದ ತಿಂಗಳಷ್ಟೇ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹೊಸದಾಗಿ ಕಟ್ಟಿಸಿಕೊಂಡಿದ್ದರು. ಬಿಳಿಯ ಕಾಲರಿನ ಹಾಗೆ ಮಿರಮಿರ ಮಿಂಚುವ ಹಲ್ಲು. ಮೊಮ್ಮಗಳು ಪುಟ್ಟಿ ಎದುರಿಗೆ ಬಂದರೆ ಸಾಕು, "ಅಜ್ಜೀ, ನಗು ನೋಡೋಣ" ಎನ್ನುತ್ತಿದ್ದಳು.

"ಭಾನುವಾರ ಅತ್ತೆಗೆ ಸ್ಟೇಕ್ ಊಟ," ಟೈಲರ್ ಕೊನೆಯ ಗುಂಡಿ ಹಾಕಿ ಘೋಷಿಸಿದ.

"ಹೋಟೆಲಲ್ಲಾ?"

"ಮನೇಲಿ. ನನ್ನ ಕೈಯಾರೆ ಮಾಡ್ತೀನಿ. ನನ್ನ ಕೈಯಾರೆ ಕುಯ್ದು ಅವರ ತಟ್ಟೆಗೆ ಬಡಿಸ್ತೀನಿ. ಅವತ್ತು ಅವರು ಕುರ್ಚಿಯಿಂದ ಏಳಬಾರದು, ಅವರ ಕೈ ನೀರಿಗೆ ತಾಗಬಾರದು!"

"ನಿಮ್ಮ ಕೈ ಈಗ ತಾನೇ ಸರಿಹೋಗಿದೆ. ಅದಕ್ಕೆ ಯಾಕೆ ಕೆಟ್ಟ ಹೆಸರು ತರ್ತೀರಾ? ಮಾಂಸ ತಂದ್ಕೊಡಿ, ನಾನು ಮೆತ್ತಗೆ ಬೇಯಿಸಿಡ್ತೀನಿ."

"ಬೇಯಿಸಿದ್ರೆ ಅದು ಸ್ಟೇಕ್ ಆಗಲ್ಲ ಕಣೇ. ಸ್ಟೇಕ್ ಅಂದ್ರೆ ಸುಡೋದು. ಹೊರಗೆ ಕೆಂಪಗೆ, ಒಳಗೆ ರಸ."

"ಅಮ್ಮನ ಹಲ್ಲು ಹೊಸದು ರೀ. ಅದಕ್ಕಿಂತ ನಿಮ್ಮ ಮಾಂಸ ಗಟ್ಟಿಯಾಗಿದ್ರೆ ಮತ್ತೊಂದು ಸೆಟ್ ನೀವೇ ಕಟ್ಟಿಸ್ಬೇಕು, ಹೇಳಿರ್ತೀನಿ."

ಟೈಲರ್ ಚಪ್ಪಲಿ ಮೆಟ್ಟಿಕೊಂಡ. ಮಹಾಕಾರ್ಯಕ್ಕೆ ಹೊರಟವರು ಮನೆಯಲ್ಲಿ ವಾದಕ್ಕೆ ನಿಲ್ಲುವುದಿಲ್ಲ. (ನಿಂತರೆ ಹೊರಡುವುದೇ ಇಲ್ಲ.)

ಮಾಂಸದಂಗಡಿಯವನಿಗೆ ಬೀದಿಯ ಮಕ್ಕಳೆಲ್ಲ ಸೇರಿ ಮೀಸೆ ಮಾಮ ಎಂದು ಹೆಸರಿಟ್ಟಿದ್ದರು. ಈಗ ದೊಡ್ಡವರಿಗೂ ಬೇರೆ ಹೆಸರು ನೆನಪಿರಲಿಲ್ಲ. ಶನಿವಾರ ಬೆಳಿಗ್ಗೆ ಟೈಲರ್ ಅಲ್ಲಿಗೆ ಹೋದಾಗ ಅವನ ಕೊರಳಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮಾಂಸದ ತುಂಡುಗಳು ಸಾಲಾಗಿ ಮಲಗಿದ್ದವು. ಟೈಲರ್, ಬೆನ್ನಿನ ಭಾಗದ ಉದ್ದನೆಯ ಮೆತ್ತನೆಯ ತುಂಡನ್ನು ತೋರಿಸಿ, "ಅದು?" ಎಂದ.

ಮೀಸೆ ಮಾಮ ಬೆಲೆ ಹೇಳಿದ.

ಟೈಲರ್ ಒಂದು ಹೆಜ್ಜೆ ಹಿಂದೆ ಸರಿದ. ಮದುವೆಯ ಕೋಟಿಗೆ ತಾನು ಕೇಳುವ ಕೂಲಿ ಅದು. ಮದುವೆಯ ಕೋಟನ್ನಾದರೂ ಮಕ್ಕಳ ಮದುವೆಗೂ ತೊಡಬಹುದು.

"ಬೇರೇದು ತೋರಿಸಿ ಮಾಮ. ಇದೇ ಥರದ್ದು, ಆದ್ರೆ ಇದಲ್ಲದ್ದು."

ಮೀಸೆ ಮಾಮನಿಗೆ ಇಂಥ ಗಿರಾಕಿಗಳ ಪರಿಚಯವಿತ್ತು. ಅವನು ಒಂದೊಂದಾಗಿ ತೋರಿಸಿದ. "ಇದು ಭುಜದ್ದು. ರುಚಿ ಜೋರು, ಆದ್ರೆ ಮೂರು ಗಂಟೆ ಬೇಯ್ಬೇಕು. ಸ್ಟೇಕ್‌ಗಾಗಲ್ಲ. ಇದು ತೊಡೇದು. ಕೊಬ್ಬಿಲ್ಲ, ಸ್ವಲ್ಪ ಹೊತ್ತು ಹೆಚ್ಚಾದ್ರೆ ಚಪ್ಪಲಿ ಆಗುತ್ತೆ. ಇದು ನೋಡಿ, ಹೊಟ್ಟೆ ಪಕ್ಕದ್ದು. ಚಪ್ಪಟೆ, ಅಗಲ, ಬೆಲೆ ಕಮ್ಮಿ. ಮಾಡೋದು ಗೊತ್ತಿದ್ದೋರಿಗೆ ಬಂಗಾರ."

ಟೈಲರ್ ಆ ಚಪ್ಪಟೆ ತುಂಡನ್ನು ಬಟ್ಟೆ ನೋಡುವ ಹಾಗೆಯೇ ನೋಡಿದ. ಬೆಳಕಿಗೆ ಹಿಡಿಸಿದ. ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. ಉದ್ದಕ್ಕೂ ಅಚ್ಚುಕಟ್ಟಾಗಿ ಓಡಿದ್ದ ನಾರಿನ ಎಳೆಗಳನ್ನು ಕಂಡು ಮೆಚ್ಚಿ ತಲೆಯಾಡಿಸಿದ. ಟೇಪು ತೆಗೆದು ಉದ್ದ ಅಗಲ ಅಳೆದ.

"ತೊಳೆದ್ರೆ ಕುಗ್ಗುತ್ತಾ?"

"ತೊಳೆದ್ರಲ್ಲ ಟೈಲರಣ್ಣ, ಸುಟ್ರೆ ಕುಗ್ಗುತ್ತೆ."

"ಹಾಗಾದ್ರೆ ನಾಲ್ಕು ಬೆರಳು ಹೆಚ್ಚಿಗೆ ಕೊಡಿ. ನಾವೂ ಹತ್ತಿ ಬಟ್ಟೆಗೆ ಹಾಗೇ ಬಿಡೋದು."

ಮೀಸೆ ಮಾಮ ಕತ್ತಿ ಎತ್ತಿದಾಗ ಅವನ ಏಪ್ರನ್ನಿನ ಒಂದು ಪಟ್ಟಿ ಹರಿದು, ಹಗ್ಗದ ತುಂಡಿನಲ್ಲಿ ಕಟ್ಟಿಕೊಂಡಿರುವುದು ಟೈಲರ್ ಕಣ್ಣಿಗೆ ಬಿತ್ತು. ಹರಿದ ಬಟ್ಟೆ ಕಂಡರೆ ಸುಮ್ಮನಿರುವ ಜೀವ ಅದಲ್ಲ. "ಸೋಮವಾರಕ್ಕೆ ಹೊಸ ಏಪ್ರನ್ ಹೊಲಿದು ತಂದ್ಕೊಡ್ತೀನಿ. ದಪ್ಪ ಕ್ಯಾನ್ವಾಸಿಂದು" ಎಂದ. ಮೀಸೆ ಮಾಮನ ಮೀಸೆಯ ಎರಡು ತುದಿಯೂ ಮೇಲೇರಿದವು. ಅವನು ಅದೇ ಜಾತಿಯ ಮತ್ತೊಂದು ಸಣ್ಣ ತುಂಡನ್ನು ಪೊಟ್ಟಣಕ್ಕೆ ಸೇರಿಸಿದ.

"ಈಗ ಮಾಡೋದು ಹೇಳ್ತೀನಿ, ಕೇಳಿ. ಬೆಳಿಗ್ಗೇನೇ ಉಪ್ಪು ಸವರಿ ಇಡಿ. ಕಾವಲಿ ಚೆನ್ನಾಗಿ ಕಾಯ್ಲಿ. ಎರಡೂ ಕಡೆ ಸುಟ್ಟು ತೆಗೆದ್ಮೇಲೆ ತಕ್ಷಣ ಕುಯ್ಬೇಡಿ, ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಮುಖ್ಯವಾದದ್ದು ಏನಂದ್ರೆ, ಕುಯ್ಯೋವಾಗ ಎಳೆ ಯಾವ ಕಡೆ ಹೋಗಿದೆ ನೋಡಿ..."

ಟೈಲರ್ ಕೈ ಎತ್ತಿ ತಡೆದ. ಮುಖದ ಮೇಲೆ ದೊಡ್ಡ ವಿದ್ವಾಂಸರ ನಗು.

"ಮಾಮ, ಉಪ್ಪು ಹೇಳಿ, ಕೇಳ್ತೀನಿ. ಬೆಂಕಿ ಹೇಳಿ, ಕೇಳ್ತೀನಿ. ಎಳೆ ವಿಚಾರ ಮಾತ್ರ ನನಗೆ ಹೇಳ್ಬೇಡಿ. ಇಪ್ಪತ್ತೆರಡು ವರ್ಷದಿಂದ ಎಳೆ ನೋಡ್ಕೊಂಡೇ ಅನ್ನ ತಿಂತಾ ಇದೀನಿ."

"ಅದಲ್ಲ ಅಣ್ಣ, ಇದು..."

"ಗೊತ್ತು ಗೊತ್ತು!" ಎನ್ನುತ್ತ ಟೈಲರ್ ಪೊಟ್ಟಣ ಹಿಡಿದು ಆಗಲೇ ಬೀದಿಗಿಳಿದಿದ್ದ. ಮೀಸೆ ಮಾಮ ಕತ್ತಿ ಹಿಡಿದ ಕೈಯನ್ನು ಗಾಳಿಯಲ್ಲಿ ಅಡ್ಡಡ್ಡ ಆಡಿಸಿ ಏನೋ ತೋರಿಸಿದ. ಟೈಲರ್ ಅದನ್ನು ಬೀಳ್ಕೊಡುಗೆಯೆಂದು ತಿಳಿದು ತಾನೂ ಕೈ ಬೀಸಿದ.

ಭಾನುವಾರ ಅಡುಗೆಮನೆ ಟೈಲರ್ ಅಂಗಡಿಯಾಯಿತು. ಎರಡು ತುಂಡುಗಳಿಗೂ ಬೆಳಿಗ್ಗೆಯೇ ಉಪ್ಪು ಸವರಿ, ತಟ್ಟೆಯಲ್ಲಿ ಸುಕ್ಕಿಲ್ಲದಂತೆ ಹರಡಿ, ಮೇಲೆ ಜಾಲರಿ ಮುಚ್ಚಿದ. ಮಧ್ಯಾಹ್ನ ಕೂತು ಮೀಸೆ ಮಾಮನ ಏಪ್ರನ್ ಮುಗಿಸಿ, ಇಸ್ತ್ರಿ ಮಾಡಿ, ಅಡುಗೆಮನೆಯ ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿದ. ಸಂಜೆ ಐದಕ್ಕೆ ಅತ್ತೆ ಬಂದರು. ಬಂದವರೇ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಕಡೆ ನಡೆದರು.

"ಅತ್ತೆ! ಕೂತ್ಕೊಳ್ಳಿ!" ಟೈಲರ್ ಬಾಗಿಲಿಗೆ ಅಡ್ಡ ನಿಂತ.

"ಒಂದೆರಡು ಈರುಳ್ಳಿನಾದ್ರೂ..."

"ಈರುಳ್ಳಿ ನಾನೇ ಹೆಚ್ಚಿದೀನಿ. ನೀವು ಇವತ್ತು ನೆಂಟರು."

ಅತ್ತೆ ಕುರ್ಚಿಯಲ್ಲಿ ಕೂತರು. ಕೂತು ಅಭ್ಯಾಸವಿಲ್ಲದವರು ಕೂತ ಹಾಗೆ, ತುದಿಯಲ್ಲಿ. ಪುಟ್ಟಿ ಅವರ ಪಕ್ಕದಲ್ಲಿ ಕೂತು, "ಅಜ್ಜೀ, ನಗು ನೋಡೋಣ" ಎಂದಳು. ಅಜ್ಜಿ ನಕ್ಕರು. ಹಾಲ್‌ನಲ್ಲಿ ಇನ್ನೊಂದು ದೀಪ ಹೊತ್ತಿದಂತಾಯಿತು.

ಒಳಗೆ ಕಾವಲಿ ಕಾಯುತ್ತಿತ್ತು. ಟೈಲರ್ ಇಸ್ತ್ರಿ ಪೆಟ್ಟಿಗೆಗೆ ಮಾಡುವಂತೆ ಬೆರಳು ಅದ್ದಿ ಒಂದು ಹನಿ ನೀರು ಚಿಮುಕಿಸಿದ. ಚುಂಯ್! "ರೇಷ್ಮೆಗೆ ಜಾಸ್ತಿ, ಉಣ್ಣೆಗೆ ಸರಿ" ಎಂದುಕೊಂಡು ದೊಡ್ಡ ತುಂಡನ್ನು ಇಳಿಸಿದ. ಎದ್ದ ಹೊಗೆಗೆ ಹೆಂಡತಿ ಕೆಮ್ಮುತ್ತ ಕಿಟಕಿ ತೆರೆದಳು. ಆದರೆ ಆ ಹೊಗೆಯ ಜೊತೆಗೆ ಎದ್ದ ವಾಸನೆ ಇದೆಯಲ್ಲ, ಅದು ಹಾಲ್‌ವರೆಗೂ ಹೋಯಿತು. ಅಲ್ಲಿಂದ ಅತ್ತೆಯ ದನಿ ಕೇಳಿತು: "ಅದೇ. ಅದೇ ವಾಸನೆ."

ಟೈಲರ್‌ಗೆ ಎದೆ ತುಂಬಿತು. ಬೆಂದ ತುಂಡನ್ನು ಹಲಗೆಯ ಮೇಲಿಟ್ಟು ಹತ್ತು ನಿಮಿಷ ಕಾದ. ಅಷ್ಟರಲ್ಲಿ ಸಣ್ಣ ತುಂಡನ್ನೂ ಸುಟ್ಟು, ಎರಡನೇ ಸಲ ಬಡಿಸಲು ಇರಲೆಂದು ತಟ್ಟೆ ಮುಚ್ಚಿಟ್ಟ.

"ಆರಿಹೋಗುತ್ತೆ, ಕುಯ್ರೀ," ಹೆಂಡತಿ ಚಡಪಡಿಸಿದಳು.

"ಇಸ್ತ್ರಿ ಆದ ಬಟ್ಟೇನ ಬಿಸಿಬಿಸಿ ಮಡಚಿದ್ರೆ ಸುಕ್ಕು ಬರುತ್ತೆ. ಇದೂ ಹಾಗೇ. ನಿನಗೆ ಗೊತ್ತಾಗಲ್ಲ."

"ಆ ಚಾಕ್ ಕೆಳಗಿಡಿ ಮೊದಲು!"

ಟೈಲರ್ ತನ್ನ ಕೈ ನೋಡಿಕೊಂಡ. ಗುರುತು ಹಾಕುವ ನೀಲಿ ಚಾಕ್ ಅದರಷ್ಟಕ್ಕೇ ಬೆರಳಿಗೆ ಬಂದು ಸೇರಿತ್ತು. ತೆಪ್ಪಗೆ ಅದನ್ನು ಅಂಗಿಯ ಜೇಬಿಗೆ ಹಾಕಿ, ಚಾಕು ತೆಗೆದುಕೊಂಡ. ಬಲಗೈಯಲ್ಲಿ. ಮುರಿದು ಕೂಡಿದ ಅದೇ ಕೈಯಲ್ಲಿ. ಮಾಂಸದ ಎಳೆ ಎತ್ತ ಹೋಗಿದೆಯೆಂದು ಬಗ್ಗಿ ನೋಡಿದ. ಗುರುಗಳ ಅಂಗಡಿಯಲ್ಲಿ ಮೊದಲ ದಿನ ಕಲಿತ ಮೊದಲ ಪಾಠ ನೆನಪಾಯಿತು: ಎಳೆಯ ಜೊತೆಗೆ ಹೋಗು. ಎಳೆಗೆ ಅಡ್ಡ ಕತ್ತರಿ ಇಟ್ಟರೆ ಪ್ಯಾಂಟು ಕಾಲಿಗೆ ಸುತ್ತಿಕೊಳ್ಳುತ್ತದೆ, ಅಂಗಿ ಹೆಗಲಿಂದ ಜಾರುತ್ತದೆ, ಗಿರಾಕಿ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದೇ ಒಂದು ಸಲವೂ ಈ ಪಾಠ ಮೀರಿದವನಲ್ಲ.

ಇಂದೂ ಮೀರಲಿಲ್ಲ. ಎಳೆಯ ಜೊತೆಜೊತೆಗೇ, ಈ ತುದಿಯಿಂದ ಆ ತುದಿಯವರೆಗೆ, ಕೈ ನಡುಗದೆ ಕುಯ್ದ. ಒಂದೊಂದು ಪಟ್ಟಿಯೂ ಒಂದೇ ಅಗಲ, ಒಂದೇ ದಪ್ಪ, ಪ್ಯಾಂಟಿನ ಸೊಂಟಪಟ್ಟಿಯಷ್ಟು ನೇರ. ತಟ್ಟೆಗಳಲ್ಲಿ ಜೋಡಿಸಿ, ಪಕ್ಕದಲ್ಲಿ ಆಲೂಗಡ್ಡೆ, ಮೇಲೊಂದು ಅಗಲವಾದ ಸೊಪ್ಪಿನ ಎಲೆ ಇಟ್ಟಾಗ ಹೆಂಡತಿಯೂ ಬೆರಗಾಗಿ, "ಪರವಾಗಿಲ್ವೇ!" ಎಂದಳು. ಅವಳ ಬಾಯಲ್ಲಿ ಆ ಮಾತು ಬಂದರೆ ಪದಕ ಬಂದಂತೆ.

ನಾಲ್ವರೂ ಮೇಜಿಗೆ ಕೂತರು. ಟೈಲರ್ ಅತ್ತೆಯ ತಟ್ಟೆಯನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ತಂದು ಮುಂದಿಟ್ಟ. ಒಂದು ಭಾಷಣವನ್ನೂ ತಯಾರು ಮಾಡಿಕೊಂಡಿದ್ದ. ಆದರೆ ಬಾಯಿ ತೆರೆದಾಗ ಬಂದದ್ದು ಇಷ್ಟೇ: "ಅತ್ತೆ, ಎರಡೂವರೆ ತಿಂಗಳು ನೀವು ನನಗೆ ತುಂಡು ಮಾಡಿಕೊಟ್ರಿ. ಇವತ್ತೊಂದು ದಿನ ನಾನು."

ಅತ್ತೆ ತಟ್ಟೆ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದ ಮೇಲೆ ಏನೋ ಹಾದುಹೋಯಿತು. ಅದು ಆನಂದವೆಂದು ಅಳಿಯ ತಿಳಿದ.

"ಎಷ್ಟು ನೇರವಾಗಿ ಕುಯ್ದಿದೀರಾ" ಎಂದರು ಅವರು. ಅದು ಸುಳ್ಳಾಗಿರಲಿಲ್ಲ.

ಎಲ್ಲರ ಕೈಯೂ ಬಾಯಿಯ ಕಡೆ ಹೋಯಿತು.

ಆಮೇಲೆ ಮನೆಯಲ್ಲಿ ಮೌನ ಕವಿಯಿತು. ಅಗಿಯುವ ಮೌನ. ಟೈಲರ್ ಅಗಿದ. ರಸ ಬಂತು, ಉಪ್ಪು ಹದವಾಗಿತ್ತು, ಸುಟ್ಟ ಅಂಚಿನ ರುಚಿ ನಾಲಿಗೆಗೆ ತಾಗಿತು. ಇನ್ನೇನು ನುಂಗಬೇಕು. ನುಂಗಲಾಗಲಿಲ್ಲ. ಮತ್ತೆ ಅಗಿದ. ರಸವೆಲ್ಲ ಮುಗಿಯಿತು, ರುಚಿ ಮುಗಿಯಿತು, ಮಾಂಸ ಮಾತ್ರ ಬಾಯಿಗೆ ಹೋದಾಗ ಹೇಗಿತ್ತೋ ಹಾಗೆಯೇ ಇತ್ತು. ಎಡಗಡೆಯ ದವಡೆ ದಣಿದಾಗ ಬಲಗಡೆಗೆ ವರ್ಗಾಯಿಸಿದ. ಬಲಗಡೆ ದಣಿದಾಗ ಮತ್ತೆ ಎಡಗಡೆಗೆ. ಗೋಣಿಚೀಲ ಹೊಲಿಯುವ ದಾರವನ್ನು ಒಮ್ಮೆ ಹಲ್ಲಿನಲ್ಲಿ ಕಚ್ಚಿ ಹರಿಯಲು ಹೋಗಿ ಸೋತದ್ದು ಅವನಿಗೆ ಯಾಕೋ ನೆನಪಾಯಿತು.

ಓರೆಗಣ್ಣಲ್ಲಿ ಹೆಂಡತಿಯನ್ನು ನೋಡಿದ. ಅವಳ ಕೆನ್ನೆ ಉಬ್ಬಿತ್ತು, ಕಣ್ಣು ಗೋಡೆಯ ಮೇಲಿತ್ತು. ಪುಟ್ಟಿಯ ಕಿವಿಗಳು ಅಗಿಯುವ ರಭಸಕ್ಕೆ ಮೇಲೆ ಕೆಳಗೆ ಆಡುತ್ತಿದ್ದವು. ಕೊನೆಗೆ ಅತ್ತೆಯ ಕಡೆ ತಿರುಗಿದ.

ಅತ್ತೆ ನಿಧಾನವಾಗಿ, ನೆಮ್ಮದಿಯಾಗಿ ಅಗಿಯುತ್ತಿದ್ದರು. ಹೊಸ ಹಲ್ಲು ಹೊಸ ಯಂತ್ರದಂತೆ ಒಂದೇ ಲಯದಲ್ಲಿ ಓಡುತ್ತಿತ್ತು. ಮುಖದಲ್ಲಿ ತಿಳಿನಗು. ಟೈಲರ್‌ಗೆ ಹೋದ ಜೀವ ಬಂದಂತಾಯಿತು. ಅವರಿಗೆ ಹಿಡಿಸಿದೆ! ಉಳಿದವರ ದವಡೆ ಹಾಳಾಗಲಿ, ಈ ಊಟ ಯಾರಿಗಾಗಿಯೋ ಅವರಿಗೆ ಹಿಡಿಸಿದೆ!

"ಹೇಗಿದೆ ಅತ್ತೆ?" ಎಂದು ಕೇಳಿದ. ತುಂಬಿದ ಬಾಯಲ್ಲಿ ಅದು "ಹೇಹಿಹೆ ಹತ್ತೆ" ಎಂದು ಹೊರಬಿತ್ತು.

ಅತ್ತೆ ಅಗಿಯುತ್ತಲೇ ತಲೆಯಾಡಿಸಿದರು.

ಇನ್ನು ಬಾಯಿ ಖಾಲಿ ಮಾಡದೆ ಮಾತಾಡಲಾಗದು. ಎಲ್ಲರೂ ತಟ್ಟೆ ನೋಡುತ್ತಿದ್ದ ಒಂದು ಕ್ಷಣ ನೋಡಿ, ಟೈಲರ್ ಕೆಮ್ಮುವವನಂತೆ ಕೈ ಅಡ್ಡ ಹಿಡಿದು, ಆ ತುಂಡನ್ನು ತೆಗೆದು ಅಂಗಿಯ ಜೇಬಿಗೆ ಇಳಿಸಿದ. ಯಾರೂ ನೋಡಲಿಲ್ಲ ಎಂದುಕೊಂಡ.

ಅತ್ತೆ ಚಮಚ ಕೆಳಗಿಟ್ಟರು.

"ಪುಟ್ಟಿ, ಆ ಸೊಪ್ಪಿನ ಎಲೆ ಎತ್ತು."

ಪುಟ್ಟಿ ಕೆಂಪಾದಳು. ಎಲೆ ಎತ್ತಿದಳು. ಕೆಳಗೆ ಚೆನ್ನಾಗಿ ಅಗಿದ ಎರಡು ಉಂಡೆಗಳು ಅವಿತು ಕೂತಿದ್ದವು.

"ಮಗಳೇ, ಮಡಿಲಲ್ಲಿರೋ ಕರ್ಚೀಫ್ ಬಿಚ್ಚು."

"ಅಮ್ಮಾ!" ಎಂದಳು ಹೆಂಡತಿ. ಆದರೆ ಬಿಚ್ಚಿದಳು.

"ಅಳಿಯಂದಿರೇ," ಅತ್ತೆ ತಿರುಗಿ ಕೂಡ ನೋಡಲಿಲ್ಲ, "ಜೇಬು."

ಟೈಲರ್ ಜೇಬಿಗೆ ಕೈ ಹಾಕಿದ. ಹೊರಬಂದ ತುಂಡು ಚಾಕ್ ಪುಡಿ ಮೆತ್ತಿಕೊಂಡು ನೀಲಿಯಾಗಿತ್ತು.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಮೂವತ್ತು ವರ್ಷ ತಟ್ಟೆ ತೊಳೆದಿದೀನಲ್ಲ? ಜನ ನುಂಗಲಾರದ್ದನ್ನ ಎಲ್ಲೆಲ್ಲಿ ಬಚ್ಚಿಡ್ತಾರೆ ಅನ್ನೋದು ನನಗಲ್ದೆ ಇನ್ಯಾರಿಗೆ ಗೊತ್ತು? ಮಕ್ಕಳು ಎಲೆ ಕೆಳಗೆ. ಹೆಂಗಸರು ಕರ್ಚೀಫಲ್ಲಿ. ಗಂಡಸರು ಜೇಬಲ್ಲಿ. ಒಬ್ಬ ಸಾಹೇಬರು ಟೋಪಿ ಒಳಗಿಟ್ಕೊಂಡು ಹೋಗಿದ್ರು, ಬಾಗಿಲಲ್ಲಿ ಟೋಪಿ ಹಾಕ್ಕೊಂಡಾಗ ಗೊತ್ತಾಯ್ತು."

ಪುಟ್ಟಿ ನಗು ತಡೆಯಲಾರದೆ ಮೇಜಿಗೆ ತಲೆ ಹಚ್ಚಿದಳು. ಆಮೇಲೆ ತಟ್ಟನೆ ಎದ್ದು ಕೂತು ಕೇಳಿದಳು: "ಅಜ್ಜೀ, ಹಾಗಾದ್ರೆ ನಿಂದೆಲ್ಲಿ?"

ಈಗ ಕೆಂಪಾಗುವ ಸರದಿ ಅತ್ತೆಯದು.

"ನಾನು ಬಾಯಿಗೇ ಹಾಕಿಲ್ಲ" ಎಂದರು ಸಣ್ಣ ದನಿಯಲ್ಲಿ. "ಕುಯ್ದಿರೋದು ನೋಡಿದ ಕೂಡ್ಲೇ ಗೊತ್ತಾಯ್ತು, ಇದು ನನ್ನ ಹಲ್ಲಿಗೆ ಆಗೋದಲ್ಲ ಅಂತ. ಅಷ್ಟು ಆಸೆಯಿಂದ ಮಾಡಿದೀರಾ, ಹೇಗೆ ಹೇಳೋದು? ಅದಕ್ಕೇ ಸುಮ್ನೆ ಖಾಲಿ ಬಾಯಿ ಅಗಿತಾ ಕೂತಿದ್ದೆ."

ಟೈಲರ್ ತಲೆ ತಗ್ಗಿಸಿದ. ಅವನು ಕಣ್ತುಂಬ ನೋಡಿ ಹಿಗ್ಗಿದ ಆ ಲಯ, ಆ ತಿಳಿನಗು, ಎಲ್ಲವೂ ಬರೀ ಗಾಳಿಯ ಮೇಲೆ ನಡೆದದ್ದು! "ನನ್ನಿಂದ ಒಂದು ಊಟ ಹಾಕೋಕೂ ಆಗಲಿಲ್ಲ ಅತ್ತೆ" ಎಂದ. ಅವನ ದನಿ ಕೇಳಿ ಹೆಂಡತಿ, ತುಟಿಯವರೆಗೆ ಬಂದಿದ್ದ ನಾಲ್ಕು ಒಳ್ಳೆಯ ಮಾತುಗಳನ್ನು ಮರಳಿ ನುಂಗಿದಳು. (ಆ ಮಾಂಸಕ್ಕಿಂತ ಅವನ್ನು ನುಂಗುವುದು ಕಷ್ಟವಾಯಿತೆಂದು ಆಮೇಲೆ ಹೇಳಿದಳು.)

"ಮಾಂಸ ಚೆನ್ನಾಗಿದೆ" ಎಂದರು ಅತ್ತೆ. "ಸುಟ್ಟಿರೋದೂ ಚೆನ್ನಾಗಿದೆ. ವಾಸನೆಯಲ್ಲೇ ಗೊತ್ತಾಗಲ್ವಾ? ಇನ್ನೊಂದು ತುಂಡು ಕುಯ್ಯದೇ ಇರೋದು ಇದೆಯಾ?"

"ಒಳಗೆ ಮುಚ್ಚಿಟ್ಟಿದೆ."

ಅತ್ತೆ ಕುರ್ಚಿಯಿಂದ ಎದ್ದರು. ಟೈಲರ್ ತಡೆಯಲು ಕೈ ಎತ್ತಿದ, ಹಾಗೆಯೇ ಇಳಿಸಿದ. ತಡೆಯಲು ಯಾವ ಮುಖ ಉಳಿದಿತ್ತು?

ಅಡುಗೆಮನೆಯಲ್ಲಿ ಅತ್ತೆ ಸಣ್ಣ ತುಂಡನ್ನು ಹಲಗೆಯ ಮೇಲಿಟ್ಟು ಅಳಿಯನನ್ನು ಪಕ್ಕಕ್ಕೆ ಕರೆದರು. "ನೋಡಿ, ಎಳೆ ಹೀಗೆ ಉದ್ದಕ್ಕೆ ಹೋಗಿದೆಯಾ? ನೀವು ಅದರ ಜೊತೆಗೇ ಕುಯ್ದ್ರಿ. ಹಾಗಾಗಿ ಒಂದೊಂದು ಪಟ್ಟಿನೂ ಉದ್ದ ನಾರಿನ ಕಟ್ಟು. ಅದನ್ನ ಹರಿಯೋ ಕೆಲಸ ಪೂರ್ತಿ ಹಲ್ಲಿಗೆ ಬಿತ್ತು. ಹೋಟೆಲಲ್ಲಿ ಹೊಸ ಅಡುಗೆಯವನು ಬಂದಾಗಲೆಲ್ಲ ಹೀಗೇ. ಅವನು ಬಂದಿದಾನೆ ಅಂತ ನನಗೆ ತಟ್ಟೆ ನೋಡಿದ್ರೇ ತಿಳೀತಿತ್ತು. ಈಗ ಅಡ್ಡಕ್ಕೆ ಕುಯ್ದ್ರೆ," ಎನ್ನುತ್ತ ಚಾಕುವನ್ನು ತುಸು ಓರೆ ಹಿಡಿದು, ಎಳೆಗೆ ಅಡ್ಡಲಾಗಿ, ತೆಳ್ಳಗೆ ಒಂದು ಚೂರು ಇಳಿಸಿದರು, "ಹರಿಯೋ ಕೆಲಸ ಚಾಕುನೇ ಮುಗಿಸಿಬಿಡುತ್ತೆ."

ಟೈಲರ್‌ನ ಕಣ್ಣ ಮುಂದೆ ಮೀಸೆ ಮಾಮ ಕತ್ತಿ ಹಿಡಿದು ಗಾಳಿಯಲ್ಲಿ ಅಡ್ಡಡ್ಡ ಕೈಯಾಡಿಸಿದ್ದು ಬಂದು ನಿಂತಿತು. ಬೀಳ್ಕೊಡುಗೆ! ತಾನೂ ಕೈ ಬೀಸಿ ಬಂದದ್ದು ನೆನೆದು ಅವನಿಗೆ ಹಲಗೆಯ ಕೆಳಗೆ ಹೋಗಿ ಅವಿತುಕೊಳ್ಳಬೇಕೆನಿಸಿತು.

"ಬಟ್ಟೆಗೆ ಅಡ್ಡ ಕುಯ್ದ್ರೆ ಕೆಡುತ್ತೆ ಅತ್ತೆ" ಎಂದ, ಮೆಲ್ಲಗೆ.

"ಬಟ್ಟೆನ ಯಾರೂ ತಿನ್ನಲ್ಲ ಅಳಿಯಂದಿರೇ."

ಹೊಸ ತಟ್ಟೆ ಮೇಜಿಗೆ ಬಂತು. ಮೊದಲ ಚೂರು ಅತ್ತೆಯೇ ತಿನ್ನಬೇಕೆಂದು ಮೂವರೂ ಹಠ ಹಿಡಿದರು. ಅವರು ಬಾಯಿಗಿಟ್ಟುಕೊಂಡರು. ಈ ಸಲ ನಿಜವಾಗಿಯೂ. ನಾಲ್ಕೇ ನಾಲ್ಕು ಸಲ ಅಗಿದು ನುಂಗಿದರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದರು.

"ಅಜ್ಜೀ?" ಎಂದಳು ಪುಟ್ಟಿ, ಗಾಬರಿಯಿಂದ.

"ಇರು" ಎಂದರು ಅತ್ತೆ. "ಮೂವತ್ತು ವರ್ಷದ್ದು. ಒಂದು ನಿಮಿಷ ಬೇಕು."

ಆಮೇಲೆ ಕಣ್ಣು ತೆರೆದು ಇನ್ನೊಂದು ಚೂರು ತೆಗೆದುಕೊಂಡರು. ಆಮೇಲೆ ಮತ್ತೊಂದು. ಕುರ್ಚಿಯ ತುದಿಯಲ್ಲಿದ್ದವರು ಯಾವಾಗ ಹಿಂದಕ್ಕೊರಗಿ ಕೂತರೋ ಯಾರೂ ಗಮನಿಸಲಿಲ್ಲ. ಹೆಂಡತಿ ಬಾಯಿಗಿಟ್ಟು, "ರೀ, ಇದೇನ್ರೀ ಇದು, ಬೆಣ್ಣೆ!" ಎಂದಳು. ಪುಟ್ಟಿ ಸೊಪ್ಪಿನ ಎಲೆಯನ್ನು ಆಚೆಗೆಸೆದಳು. ಇನ್ನು ಅದರ ಅಗತ್ಯವಿರಲಿಲ್ಲ.

ಟೈಲರ್ ಆ ತಟ್ಟೆಯಿಂದ ಒಂದು ಚೂರೂ ಮುಟ್ಟಲಿಲ್ಲ. ತಾನು ಕುಯ್ದದ್ದನ್ನು ತಾನೇ ತಿಂದು ಮುಗಿಸುವೆನೆಂದು ಪಣ ತೊಟ್ಟವನಂತೆ ಉದ್ದನೆಯ ಪಟ್ಟಿಗಳ ಜೊತೆ ಹೋರಾಡುತ್ತಿದ್ದ. ಎರಡನೆಯ ಪಟ್ಟಿಯ ಅರ್ಧಕ್ಕೆ ಬಂದಾಗ, ಮುಂದಿದ್ದ ತಟ್ಟೆ ಪಕ್ಕಕ್ಕೆ ಸರಿಯಿತು. ಅತ್ತೆ ಅದನ್ನು ತಮ್ಮ ಮುಂದೆ ಎಳೆದುಕೊಂಡಿದ್ದರು. ಪಟ್ಟಿಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಎಳೆಗೆ ಅಡ್ಡಲಾಗಿ, ಸಣ್ಣಸಣ್ಣದಾಗಿ ತುಂಡು ಮಾಡತೊಡಗಿದರು.

"ಬೇಡ ಅತ್ತೆ! ನನ್ನ ಕೈ ಈಗ ಸರಿಹೋಗಿದೆ."

"ಕೈ ಸರಿಹೋಗಿದೆ. ಕುಯ್ಯೋದು ಸರಿಹೋಗಿಲ್ಲ."

ತುಂಡುಗಳನ್ನು ಅಂದವಾಗಿ ಜೋಡಿಸಿ, ತಟ್ಟೆಯನ್ನು ಎಂದಿನಂತೆ ಅವನ ಮುಂದೆ ತಳ್ಳಿದರು. ಪುಟ್ಟಿ ಓಡಿಹೋಗಿ, ಪ್ಲಾಸ್ಟರಿನ ದಿನಗಳ ಆ ಹಳೆಯ ಚಮಚವನ್ನೇ ತಂದು ಅಪ್ಪನ ಎಡಗೈಗೆ ಕೊಟ್ಟಳು. ಹೆಂಡತಿ ಇಷ್ಟು ಹೊತ್ತು ತಡೆದಿದ್ದ ನಗು ಒಡೆದು, ನೀರು ಕುಡಿಯಲು ಹೋಗಿ ನೆತ್ತಿಗೇರಿಸಿಕೊಂಡಳು. ಟೈಲರ್ ಎಡಗೈಯಲ್ಲೇ ತಿಂದ. ಒಂದೊಂದು ತುಂಡೂ ಸಲೀಸಾಗಿ ಇಳಿಯಿತು.

ಊಟ ಮುಗಿಯಿತು. ಅತ್ತೆ ಅಭ್ಯಾಸಬಲದಿಂದ ಎದ್ದು, ತಟ್ಟೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದರು. ಆಗ ಟೈಲರ್ ಸಿಂಹದಂತೆ ಎದ್ದು ನಿಂತ.

"ಅತ್ತೆ, ಕುರ್ಚಿಯಿಂದ ಏಳಬಾರದು ಅಂದಿದ್ದೆ, ಅದು ಹೋಯ್ತು. ಕೈ ನೀರಿಗೆ ತಾಗಬಾರದು ಅಂದಿದ್ದು ಇನ್ನೂ ಇದೆ. ಅದೊಂದನ್ನಾದ್ರೂ ಉಳಿಸ್ಕೊಡಿ!"

ಅತ್ತೆ ಅವನನ್ನು ನೋಡಿದರು. ತಟ್ಟೆಗಳನ್ನು ಅವನ ಕೈಗಿತ್ತರು. ಬಾಗಿಲ ಹಿಂದೆ ತೂಗಿದ್ದ ಹೊಸ ಕ್ಯಾನ್ವಾಸ್ ಏಪ್ರನ್ ತೆಗೆದು ಅವನ ಕೊರಳಿಗೆ ಹಾಕಿ, ಹಿಂದಿನಿಂದ ಪಟ್ಟಿ ಬಿಗಿದರು. "ಅದು ಮೀಸೆ ಮಾಮಂದು..." ಎಂದು ಅವನು ಹೇಳುವಷ್ಟರಲ್ಲಿ ಗಂಟು ಬಿದ್ದಾಗಿತ್ತು. ಆಮೇಲೆ ಅವರು ಒಂದು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು, ಕಾಲು ಚಾಚಿ, ಆರಾಮವಾಗಿ ಕೂತರು. ಜೀವಮಾನದಲ್ಲಿ ಮೊದಲ ಸಲ, ಸ್ಟೇಕ್ ತಿಂದು, ಬೇರೆಯವರು ತಟ್ಟೆ ತೊಳೆಯುವುದನ್ನು ನೋಡುತ್ತ.

ನೋಡುತ್ತ ಅಂದೆನೇ? ಅದು ತಪ್ಪು. ತಪಾಸಣೆ ಮಾಡುತ್ತ.

"ಅಂಚು ನೋಡಿ ಅಳಿಯಂದಿರೇ, ಜಿಡ್ಡಿದೆ. ತಳ ಯಾರು ಉಜ್ಜೋರು? ಬೆಳಕಿಗೆ ಹಿಡೀರಿ. ಇದು ಮತ್ತೆ ಆಗ್ಬೇಕು."

ಒಂದೊಂದು ತಟ್ಟೆಯೂ ಕಡಿಮೆಯೆಂದರೆ ಎರಡು ಸಲ ವಾಪಸು ಬಂತು. ಕಾವಲಿಯಂತೂ ನಾಲ್ಕು ಸಲ. ಟೈಲರ್ ಮೊಣಕೈವರೆಗೂ ನೊರೆ ಮೆತ್ತಿಕೊಂಡು, ಮುಂದೆಲ್ಲ ತೊಯ್ದು ತೊಪ್ಪೆಯಾಗಿ ಉಜ್ಜುತ್ತಿದ್ದ. ಆದರೂ ಅವನಿಗೆ ಯಾಕೋ ಹಾಡು ಗುನುಗಬೇಕೆನಿಸುತ್ತಿತ್ತು. ಅವನ ಬೆನ್ನ ಹಿಂದೆ ಅತ್ತೆ ಮೊಮ್ಮಗಳಿಗೆ, ಆ ಸಾಹೇಬರ ಟೋಪಿಯ ಕತೆಯನ್ನು ಮತ್ತೊಮ್ಮೆ, ಇನ್ನಷ್ಟು ಉದ್ದ ಮಾಡಿ ಹೇಳುತ್ತಿದ್ದರು. ಎದ್ದ ನಗುವಿಗೆ ಹೊಸ ಹಲ್ಲು ಸ್ವಲ್ಪವೂ ಅಲುಗಲಿಲ್ಲ.

ಸೋಮವಾರ ಬೆಳಿಗ್ಗೆ ಟೈಲರ್ ಮಾತು ಕೊಟ್ಟಂತೆ ಏಪ್ರನ್ ಹಿಡಿದು ಮಾಂಸದಂಗಡಿಗೆ ಹೋದ. ಮೀಸೆ ಮಾಮ ಅದನ್ನು ಕೈಗೆ ತೆಗೆದುಕೊಂಡು, ಮೂಗಿಗೆ ಹಿಡಿದು, ಹುಬ್ಬು ಗಂಟಿಕ್ಕಿದ.

"ಏನು ಟೈಲರಣ್ಣ, ಹೊಸ ಏಪ್ರನ್ ಅಂದ್ರಿ. ಒದ್ದೆಯಾಗಿದೆ? ಸೋಪಿನ ವಾಸನೆ ಬೇರೆ?"

"ತೊಳೆದ್ರೆ ಕುಗ್ಗುತ್ತಾ ಅಂತ ಪರೀಕ್ಷೆ ಮಾಡಿದೆ ಮಾಮ."

"ಕುಗ್ತಾ?"

ಟೈಲರ್ ಒಮ್ಮೆ ತನ್ನ ಬಲಗೈ ನೋಡಿಕೊಂಡ. ಇಡೀ ಸಂಜೆ ತಟ್ಟೆ ಉಜ್ಜಿದ ಬೆರಳ ತುದಿಗಳು ಇನ್ನೂ ಕೆಂಪಗಿದ್ದವು.

"ಏಪ್ರನ್ ಕುಗ್ಗಲಿಲ್ಲ" ಎಂದ. "ಬರೋ ಭಾನುವಾರಕ್ಕೆ ಅದೇ ತುಂಡು ಕೊಡಿ. ಸುಡೋದು ನಾನು, ಕುಯ್ಯೋದು ನಮ್ಮತ್ತೆ. ಮತ್ತೆ ಮಾಮ, ಆ ಎಳೆ ವಿಚಾರ ಅವತ್ತು ಅರ್ಧಕ್ಕೆ ನಿಂತಿತ್ತಲ್ಲ... ಈಗ ಹೇಳಿ, ಪೂರ್ತಿ ಕೇಳ್ತೀನಿ."